ಜಾರ್ಜ್ ವೆಸ್ಟಿಂಗ್‌ಹೌಸನ ಚರಿತ್ರೆ

ಭಾರ ಹೇರಿದ ಎತ್ತಿನ ಗಾಡಿಯನ್ನು ದಿಬ್ಬಕ್ಕೆ ಏರಿಸುವದು ಕಷ್ಟವೋ ಇಳುಕಲಿನಲ್ಲಿ ಇಳಿಸುವದು ಕಷ್ಟವೋ ಎಂದು ಗಾಡಿ ಹೊಡೆಯುವವನನ್ನು ಕೇಳಿದರೆ, ಇಳಿಸುವದೇ ಕಷ್ಟವೆಂದು ಅವನು ಹೇಳುವನು. ಏರಿನಲ್ಲಿ ಎತ್ತುಗಳು ಸೋತರೆ ಗಾಡಿಯು ನಿಂತೀತು, ಅಷ್ಟೆ. ಇಳುಕಲಿನಲ್ಲಿ ಕೈ ಮೀರಿತೆಂದರೆ ಗಾಡಿ, ಎತ್ತು, ಮನುಷ್ಯ ಎಲ್ಲವೂ ಒಟ್ಟಿಗೆ ಹಳ್ಳಕ್ಕೆ ಬೀಳುವವು. ಆದಕಾರಣ ಓಡುವ ಶಕ್ತಿಯುಳ್ಳ ಯಾವದಕ್ಕೂ ನಿಲ್ಲುವ ಶಕ್ತಿಯು ಅವಶ್ಯ.

ಹತ್ತೊಂಬತ್ತನೆಯ ಶತಮಾನದ ಕಡೇ ಭಾಗದಲ್ಲಿ ಅಮೇರಿಕ ದೇಶವು ಇಳುಕಲಿನ ಗಾಡಿಯಂತೆಯೇ ಓಡತೊಡಗಿತ್ತು. ೧೮೬೧ರಿಂದ ೧೮೬೫ರ ವರೆಗೆ ಆ ದೇಶದವರು ಎರಡು ಪಕ್ಷಗಳಾಗಿ ತಮ್ಮೊಳಗೇ ಯುದ್ಧಮಾಡಿದ್ದರು. ಆ ಯುದ್ಧವು ಮುಗಿದು ಗುಲಾಮರಿಗೆ ಬಿಡುಗಡೆಯಾದ ತರುವಾಯ, ಎಲ್ಲೆಲ್ಲಿಯೂ ಕಾರ್ಖಾನೆಗಳು ಎದ್ದವು. ಯುದ್ಧವು ಮುಗಿದಾಗ ಸುಮಾರು ೩೫,೦೦೦ ಮೈಲುಗಳಷ್ಟಿದ್ದ ರೈಲುದಾರಿಯು ೧೯೦೦ನೇ ಇಸವಿಯೊಳಗೆ ಸುಮಾರು ೧,೯೦,೦೦೦ ಮೈಲುಗಳಾಗಿ ಬೆಳೆಯಿತು. ೧೮೬೯ರ ಮೇ ತಿಂಗಳಲ್ಲಿ ದೇಶದ ಪೂರ್ವಭಾಗದಿಂದ ಬಂದ ರೈಲುದಾರಿಯೂ ಪಶ್ಚಿಮ ಕರಾವಳಿಯ ಕಡೆಯಿಂದ ಬಂದ ರೈಲುದಾರಿಯೂ ನಡುವೆ ಕೂಡಿದವು. ೧೮೭೬ರಲ್ಲಿ ಬೆಲ್ ಎಂಬವನ ಟೆಲಿಫೋನೂ ೧೮೭೯ರಲ್ಲಿ ಎಡಿಸನನ ವಿದ್ಯುದ್ದೀಪವೂ ಲೋಕಕ್ಕೆ ಬಂದವು. ಪಿಟ್ಸ್‌ಬರ್ಗ್ ಪಟ್ಟಣದ ಕುಲುಮೆಗಳಲ್ಲಿ ಹಗಲಿರುಳೂ ಉಕ್ಕು ಕರಗುತ್ತಿತ್ತು. ಈ ಮಹಾ ಓಟದಲ್ಲಿ ಹೆಸರುಗೊಂಡ ಅನೇಕರು ವೇಗವನ್ನು ಹೆಚ್ಚಿಸಿದವರಾಗಿದ್ದಾರೆ. ನಾವು ಈ ಸಾರಿ ಬರೆಯುವದು ಆ ಓಟವನ್ನು ನಿಲ್ಲಿಸುವ ಉಪಾಯವನ್ನು ಕಂಡುಹಿಡಿದ ಜಾರ್ಜ್ ವೆಸ್ಟಿಂಗ್‌ಹೌಸನ ಸಂಗತಿಯನ್ನೇ. ಒಂದು ಒಳ್ಳೇ ಉಪಾಯವು ಸಿಕ್ಕಿದ ಮಾತ್ರದಿಂದ ಬಡವರ ಪ್ರಾಣವು ಉಳಿಯುವದೋ ಎಂಬ ಪ್ರಶ್ನೆಗೆ ಇವನ ಚರಿತ್ರೆಯಲ್ಲಿ ಉತ್ತರವುಂಟು.

೧. ಬಾಲ್ಯವೂ ಯುದ್ಧವೂ

ಜಾರ್ಜನು ೧೮೪೬ನೇ ಇಸವಿಯ ಅಕ್ಟೋಬರ್ ೬ನೇ ತಾರೀಕಿನಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸೆಂಟ್ರಲ್ ಬ್ರಿಡ್ಜ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ಹತ್ತು ಮಂದಿ ಮಕ್ಕಳಲ್ಲಿ ಅವನು ಎಂಟನೆಯವನು. ತಂದೆಯು ಮೊದಲು ಒಕ್ಕಲುತನ ಮಾಡುತ್ತಿದ್ದು, ಆ ಮೇಲೆ ತೆನೆ ಒಕ್ಕುವ ಯಂತ್ರ ಮುಂತಾದ ಬೇಸಾಯದ ಸಲಕರಣೆಗಳನ್ನು ಮಾಡುವವನಾದನು. ೧೮೫೬ರಲ್ಲಿ ಈ ಕುಟುಂಬವು ಸ್ಕೆನೆಕ್ಟಡಿ ಎಂಬ ಪಟ್ಟಣಕ್ಕೆ ಹೋಗಿ ನೆಲಸಿತು. ಅಲ್ಲಿ ತಂದೆಯ ಕಾರ್ಖಾನೆಯೇ ಹುಡುಗನಿಗೆ ನಿಜವಾದ ಪಾಠಶಾಲೆಯಾಯಿತು. ಪುಸ್ತಕದ ಪಾಠದಲ್ಲಿ ಅವನ ಮನಸ್ಸು ನಿಲ್ಲುತ್ತಿರಲಿಲ್ಲ. ಸಿಟ್ಟು ಸಹ ಬಹಳವಾಗಿತ್ತು. ಒಮ್ಮೆ ರಜೆಯ ದಿವಸದಲ್ಲಿ ತಂದೆಯು ಕಬ್ಬಿಣದ ಕೊಳವೆಗಳ ರಾಶಿಯನ್ನು ತೋರಿಸಿ, ಇವುಗಳನ್ನೆಲ್ಲಾ ಕತ್ತರಿಸಬೇಕೆಂದು ಅಪ್ಪಣೆಕೊಟ್ಟು ಹೋದನಂತೆ. ಕೈಯಿಂದ ಮಾಡಿದರೆ ಬಹಳ ಹೊತ್ತು ಹಿಡಿಯುವ ಕೆಲಸವದು. ಹುಡುಗನು ಕಾರ್ಖಾನೆಯ ಯಂತ್ರಕ್ಕೆ ಕತ್ತರಿಸುವ ಉಪಕರಣವನ್ನು ಜೋಡಿಸಿ ಬೇಗನೆ ಅದನ್ನು ಮುಗಿಸಿಬಿಟ್ಟನೆಂದು ಹೇಳುತ್ತಾರೆ.

ಯುದ್ಧವು ಹುಟ್ಟಿದಾಗ ಜಾರ್ಜನಿಗೆ ಹದಿನೈದು ವರ್ಷವೂ ತುಂಬಿರಲಿಲ್ಲ. ಸ್ವಲ್ಪ ಕಾಲದೊಳಗೇ ಅವನು ಸೈನ್ಯಕ್ಕೆ ಸೇರಿದನು. ಆದರೆ ತಂದೆತಾಯಿಗಳು ಅವನನ್ನು ಮನೆಗೆ ಕರೆಯಿಸಿಕೊಂಡರು. ೧೮೬೩ರಲ್ಲಿ ಅವರ ಒಪ್ಪಿಗೆಯನ್ನು ಪಡೆದು ಕುದುರೆಯ ದಂಡಿಗೆ ಸೇರಿದನು. ಮರುವರ್ಷದ ಕೊನೆಯಲ್ಲಿ ನೌಕಾಸೈನ್ಯಕ್ಕೆ ಹೋಗಿ ಹಡಗಿನ ಉಗಿಯಂತ್ರಗಳನ್ನು ನೋಡಿಕೊಳ್ಳುವ ಅಧಿಕಾರಿಯಾದನು. ಅವನ ಅಣ್ಣನಾದ ಆಲ್ಬರ್ಟನು ಆ ಯುದ್ಧದಲ್ಲಿ ಮಡಿದನು. ಯುದ್ಧವು ತೀರಿ ಮನೆಗೆ ಬಂದ ಮೇಲೆ ಜಾರ್ಜನು ಸ್ಕೆನೆಕ್ಟಡಿಯ ಯೂನಿಯನ್ ಕಾಲೇಜಿಗೆ ಸೇರಿದನು. ಆದರೆ ಮೂರು ತಿಂಗಳ ಮಟ್ಟಿಗೆ ಮಾತ್ರವೇ ಅಲ್ಲಿದ್ದು ತಂದೆಯ ಕಾರ್ಖಾನೆಗೆ ಹಿಂದಿರುಗಿದನು. ೧೮೬೫ರ ಅಕ್ಟೋಬರ್ ತಿಂಗಳಲ್ಲಿ, ಹತ್ತೊಂಬತ್ತು ವರ್ಷದವನಾಗಿರುವಾಗಲೇ, ಹೊಸ ತರದ ಉಗಿಯಂತ್ರವೊಂದಕ್ಕೆ ಪೇಟೆಂಟನ್ನು, ಅಂದರೆ ತಾನು ಕಂಡುಹಿಡಿದದ್ದರ ಮೇಲೆ ಸರಕಾರದಿಂದ ದೊರೆಯುವ ಹಕ್ಕುಪತ್ರವನ್ನು, ಪಡೆದುಕೊಂಡನು. ೧೮೬೭ರಲ್ಲಿ ಮಾರ್ಗರೀಟ್ ವಾಕರ್ ಎಂಬವಳನ್ನು ಮದುವೆಯಾದನು. ಆಕೆಯ ಪರಿಚಯವು ಮೊದಲು ಆದದ್ದು ರೈಲುಬಂಡಿಯಲ್ಲಿಯೇ.

೨. ಛಾವಣಿಯ ಮೇಲಿನ ಆಳುಗಳು

ಆ ಕಾಲದಲ್ಲಿ ರೈಲುಬಂಡಿಯನ್ನು ನಿಲ್ಲಿಸುತ್ತಿದ್ದ ರೀತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಇಲ್ಲದಿದ್ದರೆ ವೆಸ್ಟಿಂಗ್‌ಹೌಸನು ಮಾಡಿದ ಕೆಲಸದ ಬೆಲೆಯು ತಿಳಿಯಲಾರದು. ಉಗಿಯಂತ್ರವನ್ನು ನಡಿಸುವವನಿಗೆ ಬಂಡಿಯನ್ನು ಓಡಿಸುವ ಅಧಿಕಾರವಿತ್ತೇ ಹೊರತು ಇಡೀ ಬಂಡಿಯನ್ನು ನಿಲ್ಲಿಸುವ ಅಧಿಕಾರವಿರಲಿಲ್ಲ. ನಿಲ್ಲಿಸಬೇಕಾದಾಗ ಅವನು ಸೀಟಿಯನ್ನು ಊದುವನು. ಅದನ್ನು ಕೇಳಿ ಬ್ರೇಕಿನ ಆಳುಗಳು ಒಂದೊಂದು ಡಬ್ಬಿಯಲ್ಲಿದ್ದ ಕೈಚಕ್ರವನ್ನು ಬಲವಾಗಿ ತಿರುಗಿಸಿ, ಗಾಲಿಗಳಿಗೆ ಬ್ರೇಕಿನ ತುಂಡುಗಳು ಒತ್ತುವಂತೆ ಮಾಡುವರು. ಒಂದು ಚಕ್ರವನ್ನು ಬಿಗಿಮಾಡಿದ ಮೇಲೆ ಮುಂದಿನ ಡಬ್ಬಿಗೆ ಓಡಬೇಕು. ಸರಕಿನ ಬಂಡಿಗಳಲ್ಲಿಯಾದರೋ ಈ ಚಕ್ರಗಳು ಛಾವಣಿಯ ಮೇಲಿದ್ದವು. ಎರಡು ಮೂರು ಮಂದಿ ಆಳುಗಳು, ಓಡುವ ಬಂಡಿಯ ಛಾವಣಿಯ ಮೇಲೆ, ಒಂದು ಡಬ್ಬಿಯಿಂದ ಮತ್ತೊಂದಕ್ಕೆ ದಾಟುತ್ತಾ ಹೋಗುವರು. ಕತ್ತಲೆಯಿರಲಿ, ಮಳೆಯಿರಲಿ, ಛಾವಣಿಯ ಮೇಲೆ ಹಿಮವು ಹೆಪ್ಪುಗಟ್ಟಿ ಕಾಲು ಜಾರುವಂತಿರಲಿ, ಸೀಟಿ ಊದಿದರೆ ಹೋಗಲೇಬೇಕು. ತಗ್ಗಾದ ಸೇತುವೆಯೊಂದು ಎದುರಿಗೆ ಬಂದದ್ದನ್ನು ಕಾಣದೆ ತಲೆ ಒಡೆಯಿಸಿಕೊಂಡವರುಂಟು; ಡಬ್ಬಿಗಳ ನಡುವೆ ಬಿದ್ದು ಗಾಲಿಗೆ ಸಿಕ್ಕಿದವರುಂಟು.

ಡಬ್ಬಿಗೆ ಡಬ್ಬಿಯನ್ನು ಕೂಡಿಸುವ ಕೆಲಸವಂತೂ ಇದಕ್ಕಿಂತಲೂ ಭಯಂಕರವಾದದ್ದು. ಒಬ್ಬನು ಎರಡು ಡಬ್ಬಿಗಳ ನಡುವೆ ನಿಂತು, ಹತ್ತಿರ ಬರುತ್ತಿರುವ ಡಬ್ಬಿಯ ಕಬ್ಬಿಣದ ಕೊಂಡಿಯನ್ನು ಕೈಯಿಂದ ಹಿಡಿದು ಸರಿಯಾಗಿ ಸೇರಿಸಿ, ಮೇಲಿನಿಂದ ಗೂಟವನ್ನು ಹಾಕಬೇಕು. ಕ್ಷಣಮಾತ್ರ ತಡವಾದರೆ ಬೆರಳು ಹೋಗುವದು, ಇಲ್ಲವೆ ಕೈಯೇ ಹೋಗುವದು. ಬೆರಳುಗಳು ಕಡಿಮೆಯಾಗಿರುವವನನ್ನು ಕಂಡರೆ, ಇವನು ಅನುಭವಸ್ಥನಾದ ಕೆಲಸಗಾರನೆಂದು ರೈಲಿನವರು ತಿಳಿಯುತ್ತಿದ್ದರಂತೆ. ೧೮೮೯ರ ಜೂನಿಗೆ ಮುಗಿದ ಒಂದೇ ವರ್ಷದಲ್ಲಿ ಆ ದೇಶದ ರೈಲು ನೌಕರರಲ್ಲಿ ೧,೯೭೨ ಮಂದಿ ಸತ್ತು, ೨೦,೦೨೮ ಮಂದಿ ಗಾಯಪಟ್ಟರೆಂದು ಸರಕಾರದ ಲೆಕ್ಕವು ಹೇಳುತ್ತದೆ. ಒಂದು ದೊಡ್ಡ ಹಳ್ಳಿಯ ಜನರೆಲ್ಲರೂ ಒಂದು ವರ್ಷದಲ್ಲಿ ಇಲ್ಲವಾದ ಹಾಗೆ ಆಯಿತಲ್ಲವೇ!

೩. ಗಾಳಿಯಿಂದ ಬಂಡಿ ನಿಂತದ್ದು

೧೮೬೬ರಲ್ಲಿ ಜಾರ್ಜನು ಸ್ಕೆನೆಕ್ಟಡಿಗೂ ಟ್ರಾಯ್ ಎಂಬ ಊರಿಗೂ ನಡುವೆ ಪ್ರಯಾಣಮಾಡುತ್ತಿರುವಾಗ ಅವನ ಬಂಡಿಯು ದಾರಿಯಲ್ಲಿ ನಿಂತುಹೋಯಿತು. ಮುಂದುಗಡೆಯಲ್ಲಿ ಎರಡು ಸರಕಿನ ಬಂಡಿಗಳು ಒಂದಕ್ಕೊಂದು ಎದುರಾಗಿ ಬಡಿದು ಪುಡಿಯಾಗಿದ್ದವು. ಹಗಲು ಹೊತ್ತು, ದಾರಿಯೂ ಸಮವಾಗಿ ನೆಟ್ಟಗಿತ್ತು. ಬಂಡಿ ನಡಿಸುವವರಿಬ್ಬರೂ ಒಬ್ಬರನ್ನೊಬ್ಬರು ಮೊದಲೇ ಕಂಡಿದ್ದರು. ಕಂಡರೂ ನಿಲ್ಲಿಸುವದಕ್ಕೆ ಸಮಯ ಸಾಲಲಿಲ್ಲ. ಈ ಸಂಗತಿಯು ಯುವಕನ ಮನಸ್ಸಿನಲ್ಲಿ ನಾಟಿತು. ಬ್ರೇಕುಗಳೆಲ್ಲವೂ ನಡಿಸುವವನ ಒಂದೇ ಕೈಗೆ ಸಿಕ್ಕುವಂತೆ ಮಾಡಲಾಗದೋ ಎಂದು ಅವನು ಆಲೋಚಿಸತೊಡಗಿದನು.

ಮೊದಲು ಬಂಡಿಯ ಉದ್ದಕ್ಕೂ ಒಂದು ಸರಪಣಿಯನ್ನು ಎಳೆಯುವ ಉಪಾಯವನ್ನು ನೋಡಿದನು. ಡಬ್ಬಿಗಳು ನಾಲ್ಕೈದಕ್ಕಿಂತ ಹೆಚ್ಚಾದರೆ ಅದು ಉಪಯೋಗಕ್ಕೆ ಬಾರದೆಂದು ಕಂಡಿತು. ತರುವಾಯ ಉಗಿಯನ್ನೇ ಕೊಳವೆಗಳ ಮೂಲಕ ಒಂದೊಂದು ಡಬ್ಬಿಗೆ ಕಳುಹಿಸಬೇಕೆಂದೆಣಿಸಿದನು. ಆದರೆ ಚಳಿದೇಶದಲ್ಲಿ ಉಗಿಯು ದಾರಿಯಲ್ಲಿಯೇ ತಣ್ಣಗಾಗಿ ನೀರಾಗುವದು. ಹೀಗಿರಲಾಗಿ, ಒಂದು ಮಾಸಪತ್ರಿಕೆಯಲ್ಲಿ ಯೂರೋಪಿನ ಮಾಂಟ್ ಸೆನಿ ಎಂಬ ಬೆಟ್ಟದಲ್ಲಿ ಕೊರೆಯುತ್ತಿದ್ದ ಸುರಂಗದ ವರ್ತಮಾನವನ್ನು ಓದಿದನು. ಅಲ್ಲಿ ಬಂಡೆಯನ್ನು ಕೊರೆಯುವ ಯಂತ್ರಗಳನ್ನು ಬಿಗಿಯಾಗಿ ಒತ್ತಿದ ಗಾಳಿಯಿಂದ ನಡಿಸುತ್ತಿದ್ದರು. ಆ ಗಾಳಿಯು ಕೊಳವೆಯೊಳಗೆ ಮೂರು ಸಾವಿರ ಅಡಿಗಳಷ್ಟು ದೂರ ಹೋದಾಗ್ಯೂ ಅದರ ಬಲವು ಕುಂದುತ್ತಿರಲಿಲ್ಲ. ಗಾಳಿಗೆ ಹೆಪ್ಪುಗಟ್ಟುವ ಭಯವಿಲ್ಲ; ಕೊಂಡುಕೊಳ್ಳುವ ಖರ್ಚಿಲ್ಲ; ಎಲ್ಲಿ ನೋಡಿದರೂ ಅದು ಉಂಟು. ಜಾರ್ಜನಿಗೆ ಬೇಕಾದದ್ದು ಸಿಕ್ಕಿತು. ೧೮೬೯ರ ಏಪ್ರಿಲ್ ೧೩ರಲ್ಲಿ ಗಾಳಿಯ ಬ್ರೇಕಿಗೆ ಪೇಟೆಂಟ್ ದೊರೆಯಿತು. ಆಗ ಅವನಿಗೆ ಇಪ್ಪತ್ತೆರಡು ವರ್ಷ.

ಇದನ್ನು ಪರೀಕ್ಷಿಸುವದಕ್ಕೆ ರೈಲು ಕಂಪೆನಿಗಳು ಸುಲಭವಾಗಿ ಒಪ್ಪಲಿಲ್ಲ. ನ್ಯೂಯಾರ್ಕಿನ ಮಹಾ ಧನಿಕನಾಗಿದ್ದ ವಾಂಡರ್ಬಿಲ್ಟನು, ಗಾಳಿಯಿಂದ ಬಂಡಿಯನ್ನು ನಿಲ್ಲಿಸುವೆನೆಂಬ ಮೂರ್ಖನ ಮಾತು ಕೇಳಲು ತನಗೆ ಪುರುಸತ್ತಿಲ್ಲವೆಂದು ಕಳುಹಿಸಿಬಿಟ್ಟನೆಂಬ ಕಥೆಯುಂಟು. ಕಡೆಗೆ ಪಿಟ್ಸ್‌ಬರ್ಗಿನ ಒಂದು ಕಂಪೆನಿಯವರು ಒಂದು ಉಗಿಯಂತ್ರವನ್ನೂ ನಾಲ್ಕು ಡಬ್ಬಿಗಳನ್ನೂ ಕೊಟ್ಟರು; ಆದರೆ ಖರ್ಚೂ ನಷ್ಟದ ಹೊಣೆಯೂ ವೆಸ್ಟಿಂಗ್‌ಹೌಸನದೇ ಎಂದು ಗೊತ್ತುಮಾಡಿದರು. ಪರೀಕ್ಷೆಯ ದಿನ ಬಂಡಿಯು ಪಟ್ಟಣದ ಸುರಂಗವನ್ನು ದಾಟಿ ಹೊರಗೆ ಬರುತ್ತಲೇ, ಮುಂದೆ ರಸ್ತೆಯು ಹಳಿಯನ್ನು ದಾಟುವ ಸ್ಥಳದಲ್ಲಿ ಒಂದು ಕುದುರೆಗಾಡಿಯು ಅಡ್ಡ ಬಂತು. ಕುದುರೆಗಳು ಬೆದರಿದವು, ಗಾಡಿಯವನು ಹಳಿಯ ಮೇಲೆ ಉರುಳಿಬಿದ್ದನು. ಬಂಡಿ ನಡಿಸುತ್ತಿದ್ದ ಡೇನಿಯಲ್ ಟೇಟ್ ಎಂಬವನು ಹೊಸ ಬ್ರೇಕಿನ ಹಿಡಿಯನ್ನು ತಿರುಗಿಸಿದನು. ಡಬ್ಬಿಗಳಲ್ಲಿದ್ದ ದೊಡ್ಡ ಮನುಷ್ಯರು ತಮ್ಮ ಪೀಠಗಳಿಂದ ಮುಂದಕ್ಕೆ ಬಿದ್ದರು. ಕೋಪದಿಂದ ಇಳಿದು ನೋಡುವಾಗ, ಬಂಡಿಯು ಬಿದ್ದವನಿಂದ ನಾಲ್ಕೇ ಅಡಿ ದೂರದಲ್ಲಿ ನಿಂತಿತ್ತು. ಈ ಬ್ರೇಕಿನಿಂದ ಮೊದಲು ಪ್ರಾಣ ಉಳಿಸಿಕೊಂಡವನು ಒಬ್ಬ ಗಾಡಿ ಹೊಡೆಯುವವನೆಂಬದನ್ನು ವಾಚಕರು ಗಮನಿಸಲಿ. ೧೮೬೯ರಲ್ಲಿ ವೆಸ್ಟಿಂಗ್‌ಹೌಸನ ಬ್ರೇಕಿನ ಕಂಪೆನಿಯು ಪಿಟ್ಸ್‌ಬರ್ಗಿನಲ್ಲಿ ಸ್ಥಾಪಿತವಾಯಿತು.

ಆದಾಗ್ಯೂ ಮೊದಲನೆಯ ಬ್ರೇಕಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಗಾಳಿಯು ಉಗಿಯಂತ್ರದಿಂದ ಹಿಂದಕ್ಕೆ ಬಂದರೆ ಮಾತ್ರ ಬ್ರೇಕು ಹಿಡಿಯುತ್ತಿತ್ತು. ಕೊಳವೆಯು ಒಡೆದರೆ ಅಥವಾ ಡಬ್ಬಿಗಳು ಕಳಚಿಕೊಂಡರೆ ಬ್ರೇಕು ಇಲ್ಲವೇ ಇಲ್ಲ. ೧೮೭೨ರಲ್ಲಿ ವೆಸ್ಟಿಂಗ್‌ಹೌಸನು ಇದನ್ನು ತಲೆಕೆಳಗುಮಾಡಿದನು. ಪ್ರತಿಯೊಂದು ಡಬ್ಬಿಯ ಕೆಳಗೆ ಗಾಳಿ ತುಂಬಿದ ಒಂದು ತೊಟ್ಟಿಯನ್ನಿಟ್ಟನು. ಉದ್ದದ ಕೊಳವೆಯಲ್ಲಿ ಗಾಳಿಯ ಒತ್ತಡವು ಇರುವ ವರೆಗೆ ಬ್ರೇಕುಗಳು ಸಡಿಲವಾಗಿರುವವು. ಒತ್ತಡವು ತಗ್ಗಿದೊಡನೆ ಒಂದು ಕವಾಟವು ತೆರೆದು, ತೊಟ್ಟಿಯ ಗಾಳಿಯು ನುಗ್ಗಿ, ಬ್ರೇಕು ತಾನಾಗಿ ಹಿಡಿಯುವದು. ಊರ ತಳವಾರನು ರಾತ್ರಿಯೆಲ್ಲಾ ಕೂಗುತ್ತಾ ತಿರುಗುವಾಗ ಜನರು ನಿಶ್ಚಿಂತೆಯಿಂದ ಮಲಗಿರುವರು. ಕೂಗು ನಿಂತಿತೆಂದರೆ ಏನೋ ಆಪತ್ತು ಬಂತೆಂದು ಎಲ್ಲರೂ ಏಳುವರು. ಈ ಬ್ರೇಕಿನ ಕ್ರಮವೂ ಹಾಗೆಯೇ. ಬಂಡಿಯು ನಡುವೆ ತುಂಡಾಗಿ ಹೋದರೂ ಗಾಳಿಯು ಹೊರಗೆ ಹೋಗುವದರಿಂದ ಎರಡು ತುಂಡುಗಳೂ ತಾವಾಗಿಯೇ ನಿಲ್ಲುವವು. ನಮ್ಮ ದೇಶದ ರೈಲುಗಳಲ್ಲಿ ಬಹು ಕಾಲದ ವರೆಗೆ ನಿರ್ವಾತದ ಬ್ರೇಕೆಂಬ ಬೇರೊಂದು ತರದ್ದು ನಡೆಯುತ್ತಿತ್ತು. ಈಗ ನಮ್ಮಲ್ಲಿಯೂ ಒತ್ತಿದ ಗಾಳಿಯ ಬ್ರೇಕೇ ಬಂದಿದೆ. ೧೮೭೨ರ ಆ ತತ್ವವು ಇಂದಿಗೂ ಬದಲಾಗಲಿಲ್ಲ.

೪. ಇಪ್ಪತ್ತು ವರ್ಷಗಳ ತಡ

ಈಗ ನಾವು ಈ ಚರಿತ್ರೆಯ ಮುಖ್ಯವಾದ ಭಾಗಕ್ಕೆ ಬರುತ್ತೇವೆ. ಪ್ರಯಾಣಿಕರ ಬಂಡಿಗಳಲ್ಲಿ ಗಾಳಿಯ ಬ್ರೇಕು ಬೇಗನೆ ಹರಡಿತು. ಯಾಕಂದರೆ ಪ್ರಯಾಣಿಕರು ಹಣ ಕೊಡುವವರು, ಪತ್ರಿಕೆ ಓದುವವರು, ನ್ಯಾಯಾಲಯಕ್ಕೆ ಹೋಗಬಲ್ಲವರು. ಆದರೆ ಸರಕಿನ ಬಂಡಿಗಳ ಛಾವಣಿಯ ಮೇಲೆ ಓಡುವ ಆಳುಗಳು ಇನ್ನೂ ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ಹಾಗೆಯೇ ಸಾಯುತ್ತಾ ಇದ್ದರು. ಅವರನ್ನು ಉಳಿಸುವ ಉಪಾಯವು ಇಲ್ಲವೆಂದಲ್ಲ. ಅದು ಅದೇ ಹಳಿಗಳ ಮೇಲೆ, ಬೇರೆ ಬಂಡಿಗಳಲ್ಲಿ, ಅವರ ಕಣ್ಣೆದುರಿಗೇ ಓಡಾಡುತ್ತಿತ್ತು.

ಇದಕ್ಕೆ ಕಾರಣಗಳಿದ್ದವು. ಒಂದು ಕಂಪೆನಿಯ ಸರಕಿನ ಡಬ್ಬಿಯು ಹತ್ತು ಕಂಪೆನಿಗಳ ಹಳಿಗಳ ಮೇಲೆ ತಿರುಗುವದು. ಒಬ್ಬರು ಖರ್ಚುಮಾಡಿ ಬ್ರೇಕು ಹಾಕಿದರೂ ಉಳಿದವರ ಡಬ್ಬಿಗಳಲ್ಲಿ ಅದು ಇಲ್ಲದಿದ್ದರೆ ಪ್ರಯೋಜನವಿಲ್ಲ. ಹೀಗೆ ಪ್ರತಿಯೊಬ್ಬನೂ ಮತ್ತೊಬ್ಬನು ಮೊದಲು ಮಾಡಲಿ ಎಂದು ಕಾದನು. ಬ್ರೇಕಿನ ಆಳಾದರೋ ಸತ್ತರೆ ಅವನ ಸ್ಥಳಕ್ಕೆ ಮತ್ತೊಬ್ಬನು ಸಿಕ್ಕುವನು. ಕೆಲಸದಲ್ಲಿ ಅಪಾಯವಿದೆಯೆಂದು ತಿಳಿದೇ ಕೂಲಿಗೆ ಒಪ್ಪಿಕೊಂಡವನು ಆ ಅಪಾಯವನ್ನೂ ಒಪ್ಪಿಕೊಂಡ ಹಾಗಾಯಿತೆಂದು ಆಗಿನ ನ್ಯಾಯಾಲಯಗಳು ತೀರ್ಪುಮಾಡುತ್ತಿದ್ದವು.

ಯಂತ್ರದ ತೊಂದರೆಯೂ ಇತ್ತು. ೧೮೮೬ ಮತ್ತು ೧೮೮೭ರಲ್ಲಿ ಅಯೋವ ಸಂಸ್ಥಾನದ ಬರ್ಲಿಂಗ್ಟನ್ ಎಂಬ ಊರಿನ ಹತ್ತಿರ ಐವತ್ತು ಡಬ್ಬಿಗಳ ಸರಕಿನ ಬಂಡಿಗಳ ಮೇಲೆ ನಾನಾ ಬ್ರೇಕುಗಳನ್ನು ಪರೀಕ್ಷಿಸಿದರು. ವೆಸ್ಟಿಂಗ್‌ಹೌಸನ ಬ್ರೇಕೂ ಅಲ್ಲಿ ಸೋತಿತು. ಮುಂದಿನ ಡಬ್ಬಿಗಳು ಮೊದಲು ಹಿಡಿದವು. ಹಿಂದಿನವುಗಳಿಗೆ ಅಪ್ಪಣೆ ಮುಟ್ಟುವಷ್ಟರಲ್ಲಿ ಅವು ಬಂದು ಬಡಿದವು. ಕಡೇ ಡಬ್ಬಿಯಲ್ಲಿದ್ದವರು ನೆಲಕ್ಕುರುಳಿದರು. ವಿದ್ಯುಚ್ಛಕ್ತಿಯ ಸಹಾಯವಿಲ್ಲದೆ ಉದ್ದವಾದ ಬಂಡಿಯನ್ನು ನಿಲ್ಲಿಸುವದಕ್ಕಾಗದೆಂದು ಪರೀಕ್ಷಕರಿಗೆ ತೋರಿತು. ವೆಸ್ಟಿಂಗ್‌ಹೌಸನು ಜಗಳವಾಡದೆ, ನೆಪಗಳನ್ನು ಹೇಳದೆ, ಕಾರ್ಖಾನೆಗೆ ಹಿಂದಿರುಗಿ ಕವಾಟವನ್ನು ಹೊಸದಾಗಿ ಮಾಡಿದನು. ಕೆಲವು ತಿಂಗಳುಗಳೊಳಗೆ ಗಾಳಿಯಿಂದಲೇ, ಐವತ್ತನೆಯ ಡಬ್ಬಿಯ ಬ್ರೇಕು ಸಹ ಕೆಲವೇ ಸೆಕೆಂಡುಗಳಲ್ಲಿ ಹಿಡಿಯುವಂತಾಯಿತು. ೧೮೮೭ರ ಕೊನೆಯಲ್ಲಿ ಐವತ್ತು ಡಬ್ಬಿಗಳ ಬಂಡಿಯೊಂದನ್ನು ಊರಿಂದೂರಿಗೆ ಕೊಂಡುಹೋಗಿ ಎಲ್ಲರಿಗೂ ತೋರಿಸಿದನು. ಇನ್ನು ಯಂತ್ರದ ನೆಪವು ಉಳಿಯಲಿಲ್ಲ. ಆದಾಗ್ಯೂ ಕಂಪೆನಿಗಳಲ್ಲಿ ಅನೇಕರು ಕದಲಲಿಲ್ಲ.

ಅವರನ್ನು ಕದಲಿಸಿದವನು ಯಂತ್ರಶಾಸ್ತ್ರವನ್ನು ಕಲಿಯದ ಒಬ್ಬ ರೈತನು. ಲೊರೆಂಜೊ ಕಾಫಿನ್ ಎಂಬ ಇವನು ೧೮೨೩ರಲ್ಲಿ ಹುಟ್ಟಿ, ಅಯೋವದ ಫೋರ್ಟ್ ಡಾಡ್ಜ್ ಎಂಬ ಊರಿನ ಬಳಿಯಲ್ಲಿ ಬೇಸಾಯ ಮಾಡುತ್ತಿದ್ದನು. ಯುದ್ಧಕಾಲದಲ್ಲಿ ಸೈನಿಕರ ಉಪದೇಶಿಯಾಗಿದ್ದನು. ೧೮೭೪ರಲ್ಲಿ ಒಂದು ದಿನ ರೈಲುದಾರಿಯ ಬಳಿಯಲ್ಲಿ ಡಬ್ಬಿಗಳನ್ನು ಕೂಡಿಸುತ್ತಿದ್ದ ಯುವಕನೊಬ್ಬನ ಎರಡು ಬೆರಳುಗಳು ಜಜ್ಜಿಹೋದದ್ದನ್ನು ಅವನು ಕಂಡನು. ಆ ದಿನದಿಂದ ಆ ನೋಟವು ಅವನನ್ನು ಬಿಡಲಿಲ್ಲ. ಪತ್ರಿಕೆಗಳಿಗೆ ಬರೆದನು, ಸಭೆಗಳಲ್ಲಿ ಮಾತಾಡಿದನು, ರೈಲು ಅಧಿಕಾರಿಗಳ ಬಾಗಿಲುಗಳನ್ನು ತಟ್ಟಿದನು, ಕೆಲವರು ಅವನನ್ನು ಹುಚ್ಚನೆಂದು ಕಳುಹಿಸಿಬಿಟ್ಟರು. ೧೮೮೩ರಲ್ಲಿ ಅಯೋವದ ರೈಲು ಮೇಲ್ವಿಚಾರಕರಲ್ಲಿ ಒಬ್ಬನಾಗಿ ನೇಮಕವಾದ ಮೇಲೆ ಅವನ ಮಾತಿಗೆ ಬಲ ಬಂತು. ಬರ್ಲಿಂಗ್ಟನಿನ ಪರೀಕ್ಷೆಗಳನ್ನು ಅವನು ಕಣ್ಣಾರೆ ಕಂಡನು. ಬೇಕಾದ ಉಪಾಯವು ಸಿದ್ಧವಾಗಿದೆಯೆಂದು ತಿಳಿದ ಮೇಲೆ ಅವನಿಗೆ ವಿಶ್ರಾಂತಿಯಿರಲಿಲ್ಲ. ಕಡೆಗೆ ೧೮೯೩ರ ಮಾರ್ಚ್ ೨ರಲ್ಲಿ ಅಧ್ಯಕ್ಷನಾದ ಹ್ಯಾರಿಸನನು ರೈಲು ಸುರಕ್ಷಣೆಯ ಕಾನೂನಿಗೆ ರುಜುಹಾಕಿದನು. ಇದರ ಮೇರೆಗೆ ಬಂಡಿ ನಡಿಸುವವನೇ ಬಂಡಿಯನ್ನು ನಿಲ್ಲಿಸಲಾಗುವಷ್ಟು ಡಬ್ಬಿಗಳಿಗೆ ಬ್ರೇಕು ಇರಬೇಕು. ಮನುಷ್ಯನು ನಡುವೆ ಹೋಗದೆ ತಾವಾಗಿ ಕೂಡಿಕೊಳ್ಳುವ ಕೊಂಡಿಗಳು ಇರಬೇಕು. ಇವು ಇಲ್ಲದ ಡಬ್ಬಿಯಿಂದ ಗಾಯಪಟ್ಟ ಕೆಲಸಗಾರನು ಅಪಾಯವನ್ನು ತಿಳಿದು ಒಪ್ಪಿದ್ದನೆಂದು ಹೇಳಕೂಡದು. ಕಂಪೆನಿಗಳು ಕಾಲಾವಕಾಶವನ್ನು ಬೇಡಿದ್ದರಿಂದ ೧೯೦೦ರಲ್ಲಿ ಇದು ಪೂರ್ಣವಾಗಿ ಜಾರಿಗೆ ಬಂತು. ಡಬ್ಬಿಗಳನ್ನು ಕೂಡಿಸುವಾಗ ಸಾಯುವವರ ಸಂಖ್ಯೆಯು ಬಹಳವಾಗಿ ಇಳಿಯಿತು.

ವೆಸ್ಟಿಂಗ್‌ಹೌಸನಿಗೂ ಈ ಕಾನೂನಿನಿಂದ ಬಹಳ ಲಾಭವಾಯಿತೆಂಬದನ್ನು ನಾವು ಮರೆಮಾಡುವದಿಲ್ಲ. ಅವನು ಸನ್ಯಾಸಿಯಲ್ಲ, ವ್ಯಾಪಾರಿ. ಆದರೂ ಅವನ ಬುದ್ಧಿಯೂ ಕಾಫಿನನ ಕನಿಕರವೂ ಕೂಡಿದ ಮೇಲೆಯೇ ಆ ಆಳುಗಳು ಛಾವಣಿಯಿಂದ ಇಳಿದು ಬಂದರು.

೫. ವಿದ್ಯುಚ್ಛಕ್ತಿಯ ವಿವಾದವು

ಬ್ರೇಕಿನ ಕೆಲಸದಿಂದ ವೆಸ್ಟಿಂಗ್‌ಹೌಸನು ರೈಲುದಾರಿಯ ಸಂಜ್ಞೆಗಳ ಕಡೆಗೂ, ಅಲ್ಲಿಂದ ವಿದ್ಯುಚ್ಛಕ್ತಿಯ ಕಡೆಗೂ ತಿರುಗಿದನು. ೧೮೮೪ರಲ್ಲಿ ಪಿಟ್ಸ್‌ಬರ್ಗಿನ ತನ್ನ ಮನೆಯ ಅಂಗಳದಲ್ಲಿಯೇ ಭೂಮಿಯನ್ನು ಕೊರೆಯಿಸಿ, ಉರಿಯುವ ಅನಿಲವನ್ನು ಕಂಡನು. ಅದನ್ನು ಮನೆಗಳಿಗೆ ಕೊಂಡೊಯ್ಯುವಾಗ ದೂರಕ್ಕೆ ಹೆಚ್ಚಾದ ಒತ್ತಡದಲ್ಲಿ ಕಳುಹಿಸಿ, ಮನೆಯ ಹತ್ತಿರ ಒತ್ತಡವನ್ನು ತಗ್ಗಿಸುವ ಕ್ರಮವನ್ನು ಏರ್ಪಡಿಸಿದನು. ಇದೇ ವಿಚಾರವು ವಿದ್ಯುತ್ತಿನಲ್ಲಿಯೂ ಕೆಲಸಕ್ಕೆ ಬಂತು.

ಎಡಿಸನನು ೧೮೮೨ರಲ್ಲಿ ನ್ಯೂಯಾರ್ಕಿನಲ್ಲಿ ದೀಪಗಳನ್ನು ಹತ್ತಿಸಿದ್ದು ಒಂದೇ ಕಡೆಗೆ ಹರಿಯುವ ನೇರ ಪ್ರವಾಹದಿಂದ. ಅದನ್ನು ಒಂದೆರಡು ಮೈಲುಗಳಿಗಿಂತ ದೂರ ಕಳುಹಿಸುವದು ಲಾಭಕರವಾಗಿರಲಿಲ್ಲ. ಹಿಂದು ಮುಂದಾಗಿ ಹರಿಯುವ ಪರ್ಯಾಯ ಪ್ರವಾಹವನ್ನಾದರೋ ಟ್ರಾನ್ಸ್‌ಫಾರ್ಮರೆಂಬ ಉಪಕರಣದಿಂದ ಒತ್ತಡವನ್ನು ಏರಿಸಿ, ತೆಳ್ಳಗಿನ ತಂತಿಯಲ್ಲಿ ಬಹು ದೂರ ಕಳುಹಿಸಿ, ಮನೆಗಳ ಬಳಿ ತಿರಿಗಿ ಇಳಿಸಬಹುದು. ನಮ್ಮ ಹಳ್ಳಿಗಳ ಹೊರಗೆ ಕಂಬದ ಮೇಲೆ ಕುಳಿತಿರುವ ಪೆಟ್ಟಿಗೆಯು ಮಾಡುವ ಕೆಲಸವು ಇದೇ. ಯೂರೋಪಿನಲ್ಲಿ ಗೊಲಾರ್ ಮತ್ತು ಗಿಬ್ಸ್ ಎಂಬವರು ಮಾಡಿದ ಇಂಥಾ ಉಪಕರಣಗಳನ್ನು ವೆಸ್ಟಿಂಗ್‌ಹೌಸನು ತರಿಸಿದನು. ಅವನ ಕೆಳಗಿದ್ದ ವಿಲ್ಯಮ್ ಸ್ಟಾನ್ಲಿಯು ಅದನ್ನು ಉತ್ತಮಪಡಿಸಿ, ೧೮೮೬ರ ಮಾರ್ಚಿನಲ್ಲಿ ಗ್ರೇಟ್ ಬ್ಯಾರಿಂಗ್ಟನ್ ಎಂಬ ಊರಿನ ಅಂಗಡಿಗಳಲ್ಲಿ ದೀಪ ಹತ್ತಿಸಿದನು. ೧೮೮೪ರಲ್ಲಿ ಅಮೇರಿಕಕ್ಕೆ ಬಂದಿದ್ದ ನಿಕೋಲಾ ಟೆಸ್ಲಾ ಎಂಬ ಸರ್ಬಿಯ ಜನಾಂಗದ ಯುವಕನು ಈ ಪ್ರವಾಹದಿಂದ ತಿರುಗುವ ಮೋಟಾರನ್ನು ಕಂಡುಹಿಡಿದನು. ೧೮೮೮ರಲ್ಲಿ ವೆಸ್ಟಿಂಗ್‌ಹೌಸನು ಅದರ ಹಕ್ಕನ್ನು ಹಣಕೊಟ್ಟು ಪಡೆದುಕೊಂಡನು. ಬೇರೆಯವರ ಬುದ್ಧಿಗೆ ಕ್ರಯ ಕೊಟ್ಟು ಅವರನ್ನು ತನ್ನ ಸಂಗಡ ಕೂಡಿಸಿಕೊಳ್ಳುವದು ಅವನ ದೊಡ್ಡ ಗುಣಗಳಲ್ಲಿ ಒಂದಾಗಿತ್ತು.

ಎಡಿಸನನ ಪಕ್ಷದವರು ಈ ಪ್ರವಾಹವು ಮನುಷ್ಯರನ್ನು ಕೊಲ್ಲುವದೆಂದು ಸಾರಿದರು. ಅವರ ಮಾತು ಕೇವಲ ಸುಳ್ಳಲ್ಲ. ನ್ಯೂಯಾರ್ಕಿನ ಬೀದಿಗಳಲ್ಲಿ ಅಜಾಗ್ರತೆಯಿಂದ ಕಟ್ಟಿದ್ದ ತಂತಿಗಳನ್ನು ಮುಟ್ಟಿ ಕೆಲಸಗಾರರು ಸತ್ತದ್ದುಂಟು. ಆದರೆ ವಿವಾದವು ಮಿತಿಮೀರಿತು. ಜನರನ್ನು ಹೆದರಿಸುವದಕ್ಕಾಗಿ ಬಹಿರಂಗವಾಗಿ ನಾಯಿಗಳನ್ನು ಈ ಪ್ರವಾಹದಿಂದ ಕೊಂದು ತೋರಿಸಿದರು. ೧೮೯೦ರ ಆಗಸ್ಟ್ ೬ರಲ್ಲಿ ನ್ಯೂಯಾರ್ಕ್ ಸಂಸ್ಥಾನದವರು ಮರಣದಂಡನೆಗೆ ಗುರಿಯಾದ ಒಬ್ಬನನ್ನು ವಿದ್ಯುತ್ ಕುರ್ಚಿಯಲ್ಲಿ ಕೊಂದಾಗ, ಅದಕ್ಕೆ ಬೇಕಾದ ವಿದ್ಯುತ್ತನ್ನು ಹುಟ್ಟಿಸಿದ್ದು ವೆಸ್ಟಿಂಗ್‌ಹೌಸನ ಇಷ್ಟಕ್ಕೆ ವಿರೋಧವಾಗಿ ಕೊಂಡುಕೊಂಡ ಅವನದೇ ಯಂತ್ರವು. ಪ್ರಾಣ ಉಳಿಸುವ ಬ್ರೇಕಿನಿಂದ ಹೆಸರುಗೊಂಡವನಿಗೆ ಇದು ಎಂಥಾ ವ್ಯಥೆಯಾಗಿದ್ದಿರಬೇಕೆಂದು ನಾವು ಊಹಿಸಬಹುದು.

ಅವನು ಇದಕ್ಕೆ ಮಾತಿನಿಂದಲ್ಲ, ಕೆಲಸದಿಂದ ಉತ್ತರಕೊಟ್ಟನು. ೧೮೯೩ರಲ್ಲಿ ಚಿಕಾಗೊ ಪಟ್ಟಣದಲ್ಲಿ ನಡೆದ ಲೋಕಪ್ರದರ್ಶನಕ್ಕೆ ಬೆಳಕು ಕೊಡುವ ಕೆಲಸವನ್ನು ಕಡಿಮೆ ಕ್ರಯಕ್ಕೆ ವಹಿಸಿಕೊಂಡನು. ದೀಪದ ಬುರುಡೆಯ ಹಕ್ಕು ಎಡಿಸನನ ಕಡೆಯವರದಾಗಿದ್ದ ಕಾರಣ, ಬೇರೆ ತರದ ಬುರುಡೆಗಳನ್ನು ಸುಮಾರು ಎರಡೂವರೆ ಲಕ್ಷದಷ್ಟು ಅವಸರವಾಗಿ ಮಾಡಿಸಿದನು. ಆ ರಾತ್ರಿಗಳಲ್ಲಿ ಲಕ್ಷಾಂತರ ಜನರು ಬೆಳಕಿನಲ್ಲಿ ತಿರುಗಾಡಿದರು. ಜನರ ಭಯವು ನಿಂತಿತು. ಅದೇ ವರ್ಷದಲ್ಲಿ ನಯಾಗರ ಜಲಪಾತದಿಂದ ವಿದ್ಯುತ್ತನ್ನು ಹುಟ್ಟಿಸುವ ಯಂತ್ರಗಳ ಕೆಲಸವು ಅವನಿಗೆ ಸಿಕ್ಕಿತು. ೧೮೯೫ರಲ್ಲಿ ಐದೈದು ಸಾವಿರ ಕುದುರೆಗಳ ಶಕ್ತಿಯ ಯಂತ್ರಗಳು ತಿರುಗತೊಡಗಿದವು. ೧೮೯೬ರ ನವೆಂಬರಿನಲ್ಲಿ ಆ ಶಕ್ತಿಯು ಇಪ್ಪತ್ತು ಮೈಲಿಗಿಂತ ಹೆಚ್ಚು ದೂರದ ಬಫಲೊ ಪಟ್ಟಣವನ್ನು ಮುಟ್ಟಿತು. ಇದಾಗಿ ಆರು ವರ್ಷಗಳ ಮೇಲೆ, ೧೯೦೨ರಲ್ಲಿ, ನಮ್ಮ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು ೯೨ ಮೈಲು ದೂರ ವಿದ್ಯುತ್ತು ಹೋದದ್ದು ಇದೇ ಪರ್ಯಾಯ ಪ್ರವಾಹದ ರೂಪದಲ್ಲಿಯೇ. ಅದರ ವಿದ್ಯುದ್ಯಂತ್ರಗಳನ್ನು ಕಳುಹಿಸಿದವರು ವೆಸ್ಟಿಂಗ್‌ಹೌಸನವರಲ್ಲ. ಎಡಿಸನನ ಕಂಪೆನಿಯು ಮತ್ತೊಂದರೊಡನೆ ಕೂಡಿ ೧೮೯೨ರಲ್ಲಿ ಹುಟ್ಟಿದ ಜನರಲ್ ಎಲೆಕ್ಟ್ರಿಕ್ ಕಂಪೆನಿಯವರೇ. ಎದುರಾಳಿಗಳು ಸಹ ಅಷ್ಟರೊಳಗೆ ಅವನ ಮಾರ್ಗವನ್ನೇ ಹಿಡಿದಿದ್ದರು.

೬. ಕೆಲಸಗಾರರ ಸಂಗಡ

ಆ ಕಾಲದ ಅಮೇರಿಕದಲ್ಲಿ ಐಶ್ವರ್ಯವು ಹೆಚ್ಚಿದ ಹಾಗೆಯೇ ಧನಿಗಳಿಗೂ ಕೂಲಿಯವರಿಗೂ ವೈರವು ಹೆಚ್ಚಿತು. ಪಿಟ್ಸ್‌ಬರ್ಗಿನ ಹತ್ತಿರದ ಹೋಮ್‌ಸ್ಟೆಡ್ ಎಂಬಲ್ಲಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಯಲ್ಲಿ ೧೮೯೨ರ ಜುಲೈ ೬ರಲ್ಲಿ ಕೆಲಸಗಾರರಿಗೂ ಕಂಪೆನಿಯು ಕರೆಯಿಸಿದ ಕಾವಲುಗಾರರಿಗೂ ಬಂದೂಕಿನ ಕಾಳಗ ನಡೆದು ಎರಡು ಕಡೆಯವರೂ ಸತ್ತರು. ಅದೇ ಪ್ರಾಂತದಲ್ಲಿ ವೆಸ್ಟಿಂಗ್‌ಹೌಸನ ಕಾರ್ಖಾನೆಗಳು ಬೇರೆ ರೀತಿಯ ಹೆಸರನ್ನು ಪಡೆದಿದ್ದವು. ಅವನು ಶನಿವಾರ ಮಧ್ಯಾಹ್ನದ ಮೇಲೆ ಕೆಲಸಗಾರರಿಗೆ ಬಿಡುವು ಕೊಟ್ಟನು. ಆಗ ಆ ಸೀಮೆಯಲ್ಲಿ ಇದು ಹೊಸ ಪದ್ಧತಿಯಾಗಿತ್ತು. ೧೮೮೯ರಿಂದ ಬ್ರೇಕಿನ ಕಾರ್ಖಾನೆಯನ್ನು ವಿಲ್ಮರ್ಡಿಂಗ್ ಎಂಬ ಸ್ಥಳಕ್ಕೆ ಸಾಗಿಸುವಾಗ, ಕೆಲಸಗಾರರು ಕಂತುಗಳಲ್ಲಿ ಹಣಕೊಟ್ಟು ಸ್ವಂತ ಮಾಡಿಕೊಳ್ಳತಕ್ಕ ಮನೆಗಳನ್ನು ಕಟ್ಟಿಸಿದನು. ಅವನು ತಾನೂ ಕೈಯಲ್ಲಿ ಎಣ್ಣೆ ಮಸಿ ಹಚ್ಚಿಕೊಂಡು ಕಲಿತವನಾದ ಕಾರಣ, ಕಾರ್ಖಾನೆಯಲ್ಲಿ ತಿರುಗುವಾಗ ಅಂಗಿಯ ತೋಳನ್ನು ಮಡಿಚಿ ಕೆಲಸಗಾರನ ಸಂಗಡ ಯಂತ್ರದ ಮುಂದೆ ಬಗ್ಗುವದಕ್ಕೆ ಹಿಂಜರಿಯುತ್ತಿರಲಿಲ್ಲ.

೭. ಸೋಲೂ ಮರಣವೂ

ಇವನಲ್ಲಿ ದೋಷವಿರಲಿಲ್ಲವೆಂದಲ್ಲ. ಯಂತ್ರಗಳಿಗೆ ಬ್ರೇಕು ಹಾಕಿದವನು ತನ್ನ ಸಾಲಗಳಿಗೆ ಬ್ರೇಕು ಹಾಕಲು ಅರಿಯದೆ ಹೋದನು. ಒಂದು ಕೆಲಸವು ಫಲಿಸುವ ಮೊದಲೇ ಮತ್ತೊಂದಕ್ಕೆ ಸಾಲತಂದು ಹಾಕುವದು ಅವನ ಸ್ವಭಾವವಾಗಿತ್ತು. ೧೯೦೭ರ ಅಕ್ಟೋಬರಿನಲ್ಲಿ ಅಮೇರಿಕದ ಬ್ಯಾಂಕುಗಳಲ್ಲಿ ಗಾಬರಿಯುಂಟಾಗಿ ಹಣವು ಸಿಕ್ಕದೆ ಹೋದಾಗ, ಅವನ ವಿದ್ಯುತ್ ಕಂಪೆನಿಯು ಸಾಲಗಾರರ ಕೈಗೆ ಬಂತು. ಬ್ರೇಕಿನ ಕಂಪೆನಿಯು ಮಾತ್ರ ಗಟ್ಟಿಯಾಗಿ ನಿಂತಿತು. ಮರುವರ್ಷ ವಿದ್ಯುತ್ ಕಂಪೆನಿಯು ಮತ್ತೆ ಎದ್ದಿತು; ಆದರೆ ಅದರ ಮೇಲಿನ ಅಧಿಕಾರವು ಅವನ ಕೈ ತಪ್ಪಿತು; ೧೯೧೧ರೊಳಗೆ ತನ್ನ ಹೆಸರನ್ನೇ ಹೊತ್ತ ಕಂಪೆನಿಯಿಂದ ಅವನು ಹೊರಗಾದನು. ವಿಚಿತ್ರವೇನಂದರೆ, ಅದೇ ೧೯೧೧ರ ಸಾಲಿಗೆ ಅಮೇರಿಕದ ವಿದ್ಯುತ್ ಯಂತ್ರಜ್ಞರ ಸಂಘದವರು ಪರ್ಯಾಯ ಪ್ರವಾಹದ ಕೆಲಸಕ್ಕಾಗಿ ಅವನಿಗೆ ಕೊಟ್ಟ ಪದಕವು ಎಡಿಸನನ ಹೆಸರಿನದಾಗಿತ್ತು.

೧೯೧೪ರ ಮಾರ್ಚ್ ೧೨ರಲ್ಲಿ, ಅರುವತ್ತೇಳು ವರ್ಷದವನಾಗಿ, ವೆಸ್ಟಿಂಗ್‌ಹೌಸನು ನ್ಯೂಯಾರ್ಕಿನಲ್ಲಿ ತೀರಿಕೊಂಡನು. ಅವನ ಹೆಸರಿನಲ್ಲಿ ೩೬೧ ಪೇಟೆಂಟುಗಳಿದ್ದವು. ಅವನ ಶವದ ಪೆಟ್ಟಿಗೆಯನ್ನು ಹೊತ್ತವರು ಅವನ ಬಳಿಯಲ್ಲಿ ಬಹುಕಾಲ ದುಡಿದಿದ್ದ ಹಳೇ ಕೆಲಸಗಾರರು. ಯುದ್ಧದಲ್ಲಿ ಸೇವೆಮಾಡಿದ್ದವನಾದ್ದರಿಂದ ಆರ್ಲಿಂಗ್ಟನಿನ ಸೈನಿಕರ ಸ್ಮಶಾನದಲ್ಲಿ ಅವನ ಸಮಾಧಿಯಿದೆ. ೧೯೩೦ರಲ್ಲಿ ಪಿಟ್ಸ್‌ಬರ್ಗಿನ ಷೆನ್ಲಿ ಉದ್ಯಾನದಲ್ಲಿ ಅವನ ಸ್ಮಾರಕವನ್ನು ಕಟ್ಟಿದರು. ಐವತ್ತು ಸಾವಿರಕ್ಕೂ ಮೇಲ್ಪಟ್ಟ ಕೆಲಸಗಾರರು ತಮ್ಮ ಸಂಬಳದಿಂದ ಅದಕ್ಕೆ ಹಣಕೊಟ್ಟರು. ಆಗ ಅವನು ಸತ್ತು ಹದಿನಾರು ವರ್ಷಗಳಾಗಿದ್ದವು. ಅವನಿಂದ ಅವರಿಗೆ ಇನ್ನು ಯಾವ ಲಾಭವೂ ಬರುವಂತಿರಲಿಲ್ಲ.

ಪ್ರಿಯರೇ, ಈ ಚರಿತ್ರೆಯಲ್ಲಿ ನಮಗೆ ತೋರುವದು ಇದು. ಬುದ್ಧಿವಂತನು ಪ್ರಾಣ ಉಳಿಸುವ ಉಪಾಯವನ್ನು ಕಂಡುಹಿಡಿದನು. ಆದರೂ ಬಡ ಆಳುಗಳು ಇಪ್ಪತ್ತು ವರ್ಷ ಸತ್ತರು. ಯಾಕಂದರೆ ಅವರ ಪ್ರಾಣಕ್ಕೆ ಆ ಖರ್ಚು ತಕ್ಕದ್ದೆಂದು ಹೇಳುವವರು ಕಡಿಮೆಯಾಗಿದ್ದರು. ನಮ್ಮ ಊರುಗಳಲ್ಲಿಯೂ ಒಕ್ಕುವ ಯಂತ್ರಕ್ಕೆ ಕೈ ಕೊಡುವ ಕೂಲಿಯವನುಂಟು, ಮಲಗುಂಡಿಗೆ ಇಳಿಯುವವನುಂಟು, ಕತ್ತಲೆಯಲ್ಲಿ ವಿದ್ಯುತ್ ಕಂಬ ಹತ್ತುವವನುಂಟು. ಅವರ ಅಪಾಯವನ್ನು ತಡೆಯುವ ಉಪಾಯಗಳನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಅವುಗಳಲ್ಲಿ ಬಹಳವು ಆಗಲೇ ಇವೆ. ವೆಸ್ಟಿಂಗ್‌ಹೌಸನ ಬುದ್ಧಿಯು ಎಲ್ಲರಿಗೂ ಬರುವಂಥದ್ದಲ್ಲ. ಆದರೆ ಜಜ್ಜಿಹೋದ ಎರಡು ಬೆರಳುಗಳನ್ನು ಕಂಡು, ಹತ್ತೊಂಬತ್ತು ವರ್ಷ ಸುಮ್ಮನಿರದೆ ಮಾತಾಡಿದ ಆ ರೈತನ ಕೆಲಸವನ್ನು ಮಾಡುವದಕ್ಕೆ ಕಾಲೇಜಿನ ವಿದ್ಯೆಯಾಗಲಿ ಹಣವಾಗಲಿ ಬೇಕಾಗುವದಿಲ್ಲ.